ಅಪ್ಪನ ಸುದ್ದಿ ನಾಲ್ಕೇ ಸಾಲು

ಪತ್ರಿಕೆಗೆ ತಾಲೂಕಿನಿಂದ ಸುದ್ದಿ ಕಳಿಸುವ ನಮ್ಮಂಥವರು ಬರೆದಷ್ಟು ನಿಧನ ವಾರ್ತೆ ಬೇರೆ ಯಾರೂ ಬರೆದಿರಲಿಕ್ಕಿಲ್ಲ. ಅದಕ್ಕೊಂದು ಅಚ್ಚು ಇದೆ. ಹೆಸರು, ವಯಸ್ಸು, ಊರು. ‘ಹೃದಯಾಘಾತದಿಂದ ನಿಧನರಾದರು.’ ‘ಮೃತರಿಗೆ ಪತ್ನಿ, ಒಬ್ಬ ಪುತ್ರ, ಒಬ್ಬ ಪುತ್ರಿ ಇದ್ದಾರೆ.’ ಅಂತ್ಯಕ್ರಿಯೆ ಎಲ್ಲಿ, ಎಷ್ಟು ಗಂಟೆಗೆ. ಮುಗೀತು. ಮೊಬೈಲಿನಲ್ಲಿ ಟೈಪ್ ಮಾಡೋಕೆ ಐದು ನಿಮಿಷ ಸಾಕು.

2024ರ ಫೆಬ್ರವರಿಯಲ್ಲಿ ನನ್ನಪ್ಪನ ಸುದ್ದಿಯನ್ನೂ ಅದೇ ಅಚ್ಚಿನಲ್ಲಿ ಬರೆಯಬೇಕಾಯ್ತು. ಹದಿನಾಲ್ಕು ಸಾಲು ಕಳಿಸಿದ್ದೆ. ನಾಲ್ಕು ಸಾಲು ಬಂತು. ‘ಮೋಟಾರ್ ರಿವೈಂಡಿಂಗ್ ವೃತ್ತಿ ಮಾಡುತ್ತಿದ್ದರು’ ಅನ್ನೋದು ಮಾತ್ರ ಉಳಿದಿತ್ತು. ಡೆಸ್ಕಿನವರನ್ನ ಬಯ್ಯಲ್ಲ. ಅವತ್ತು ಪುಟದಲ್ಲಿ ಬರದ ಸುದ್ದಿ ತುಂಬಿತ್ತು, ನಾನೇ ಎರಡು ಕಳಿಸಿದ್ದೆ. ಬೇರೆಯವರ ಅಪ್ಪಂದಿರ ಸುದ್ದಿಯನ್ನ ನಾನೂ ನಾಲ್ಕು ಸಾಲಿನಲ್ಲೇ ಮುಗಿಸಿದ್ದೇನೆ. ಉಳಿದ ಹತ್ತು ಸಾಲನ್ನ ಇಲ್ಲಿ ಸ್ವಲ್ಪ ಉದ್ದವಾಗಿ ಬರೀತಿದ್ದೇನೆ.

ನಮ್ಮದು ಚಿತ್ರದುರ್ಗ ಜಿಲ್ಲೆ ಹಿರಿಯೂರು ತಾಲೂಕು. ಅಪ್ಪ ಆರನೇ ಕ್ಲಾಸಿಗೆ ಶಾಲೆ ಬಿಟ್ಟವನು. ಹದಿನಾಲ್ಕು ವರ್ಷಕ್ಕೆ ದಾವಣಗೆರೆಗೆ ಹೋಗಿ ಒಂದು ರಿವೈಂಡಿಂಗ್ ಅಂಗಡಿ ಸೇರಿದ. ಆಗ ದಾವಣಗೆರೆ ತುಂಬ ಹತ್ತಿ ಗಿರಣಿಗಳು. ಗಿರಣಿಯ ದೊಡ್ಡ ದೊಡ್ಡ ಮೋಟ್ರು ರಿಪೇರಿಗೆ ಬರ್ತಿದ್ದವು. ಮೊದಲ ಎರಡು ವರ್ಷ ಅಪ್ಪನಿಗೆ ಕೊಟ್ಟ ಕೆಲಸ ಒಂದೇ: ಸುಟ್ಟ ಕಾಯಿಲನ್ನ ಉಳಿಯಿಂದ ಕತ್ತರಿಸಿ ತೆಗೆಯೋದು, ಅದರಲ್ಲಿ ಎಷ್ಟು ಸುತ್ತು ತಂತಿ ಇತ್ತು ಅಂತ ಎಣಿಸೋದು. ಒಂದು ಸುತ್ತು ತಪ್ಪು ಹೇಳಿದರೆ ತಲೆಗೆ ಮೊಟಕು. ‘ನನ್ನ ಮಗ್ಗಿ ಎಲ್ಲಾ ತಾಮ್ರದ ತಂತಿ ಮೇಲೆ ಕಲಿತದ್ದು’ ಅಂತಿದ್ದ.

1984ರಲ್ಲಿ ಊರಿಗೆ ವಾಪಸ್ ಬಂದು ಬಸ್ ನಿಲ್ಲೋ ಜಾಗದ ಪಕ್ಕ ಹತ್ತಡಿ ಅಗಲದ ಅಂಗಡಿ ಹಾಕಿದ. ಆಗ ಹೆಚ್ಚಿನವರದು ತೆರೆದ ಬಾವಿ, ಮೂರು ಎಚ್‌ಪಿ, ಐದು ಎಚ್‌ಪಿ ಮೋಟ್ರು. ಬಾವಿ ಬತ್ತಿ ಬೋರು ಬಂತು. ಇನ್ನೂರು ಅಡಿಗೆ ಸಿಗ್ತಿದ್ದ ನೀರು ನಾನೂರಕ್ಕೆ, ಆರುನೂರಕ್ಕೆ, ಆಮೇಲೆ ಇನ್ನೂ ಕೆಳಕ್ಕೆ ಹೋಯ್ತು. ನೀರು ಕೆಳಕ್ಕೆ ಹೋದ ಹಾಗೆ ಮೋಟ್ರು ದೊಡ್ಡದಾಯ್ತು. ನಮ್ಮ ಸೀಮೆಯ ನೀರಿನ ಚರಿತ್ರೆ ಬರೆಯೋಕೆ ಯಾವ ಕಚೇರಿಯ ಕಡತವೂ ಬೇಡ, ಅಪ್ಪನ ಅಂಗಡಿಗೆ ಬಂದ ಮೋಟ್ರಿನ ಅಳತೆ ನೋಡಿದ್ದರೆ ಸಾಕಾಗಿತ್ತು.

ರಿವೈಂಡಿಂಗ್ ಅಂದರೆ ಸುಮ್ಮನೆ ತಂತಿ ಸುತ್ತೋದಲ್ಲ. ಮೇಲಿಡುವ ಮೋಟ್ರಾದರೆ ಕಾಯಿಲನ್ನ ಮೊದಲೇ ಸುತ್ತಿ, ಸ್ಲಾಟಿಗೆ ಕಾಗದ ಹಾಕಿ ಕೂರಿಸಿ, ದಾರದಲ್ಲಿ ಕಟ್ಟಿ, ವಾರ್ನಿಷ್ ಹೊಯ್ದು, ಬಲ್ಬಿನ ಕಾವಲ್ಲಿ ಒಣಗಿಸ್ತಾರೆ. ಬೋರಿಗೆ ಇಳಿಸುವ ನೀರು ತುಂಬುವ ಮೋಟ್ರು ಹಾಗಲ್ಲ. ಅದರ ತಂತಿ ನೀರಲ್ಲೇ ಇರಬೇಕು, ಅದಕ್ಕೇ ಮೈಮೇಲೆ ಪ್ಲಾಸ್ಟಿಕ್ ಹೊದಿಕೆ. ಉದ್ದನೆ ಕೊಳವೆಯಂಥ ಅದರ ಮೈಯೊಳಗೆ ಒಂದೊಂದೇ ತಂತಿಯನ್ನ ಈ ತುದಿಯಿಂದ ತೂರಿಸಿ ಆ ತುದಿಯಲ್ಲಿ ಎಳೆದು, ಮತ್ತೆ ಆ ತುದಿಯಿಂದ ತೂರಿಸಿ ಈ ತುದಿಯಲ್ಲಿ ಎಳೆಯಬೇಕು. ಎಳೆಯುವಾಗ ಹೊದಿಕೆ ಒಂದು ಕಡೆ ಉಗುರು ಗೀರಿದಷ್ಟು ಕಿತ್ತರೂ ಸಾಕು, ಬೋರಿಗೆ ಇಳಿಸಿದ ಮೇಲೆ ಅಲ್ಲೇ ನೀರು ಹೊಕ್ಕು ಮೋಟ್ರು ಸುಡುತ್ತದೆ. ಅಪ್ಪ ಒಂದು ಮೋಟ್ರಿಗೆ ಪೂರ್ತಿ ಒಂದು ದಿನ ಕೂರ್ತಿದ್ದ, ಅವಸರದವರನ್ನ ಕಂಡರೆ ಇನ್ನೂ ನಿಧಾನ ಮಾಡ್ತಿದ್ದ.

ಸುಟ್ಟ ಮೋಟ್ರು ಬಿಚ್ಚಿದ ತಕ್ಷಣ ಅಪ್ಪನಿಗೆ ಕಾರಣ ಗೊತ್ತಾಗ್ತಿತ್ತು. ಎಲ್ಲಾ ಕಾಯಿಲೂ ಒಂದೇ ಸಮ ಕಪ್ಪಾಗಿದ್ದರೆ, ವೋಲ್ಟೇಜ್ ಕಮ್ಮಿ ಇದ್ದಾಗ ಓಡಿಸಿದ್ದಾರೆ, ಇಲ್ಲಾ ಪಂಪು ಜಾಮಾಗಿ ಲೋಡು ಎಳೆದಿದೆ. ಕೆಲವು ಕಪ್ಪಾಗಿ, ಕೆಲವು ಹೊಸದರ ಹಾಗೆ ಹೊಳೀತಿದ್ದರೆ ಒಂದು ಫೇಸ್ ಹೋಗಿದ್ದಾಗ ಓಡಿದೆ. ಒಂದೇ ಜಾಗದಲ್ಲಿ ಚುಕ್ಕಿಯ ಹಾಗೆ ಸುಟ್ಟಿದ್ದರೆ ಅಲ್ಲಿ ಹೊದಿಕೆ ಹರಿದಿದೆ. ರೈತ ಏನೇ ಕಥೆ ಹೇಳಿದರೂ ಅಪ್ಪ ಕಾಯಿಲ್ ತೋರಿಸಿ, ‘ಇದು ಹಿಂಗ್ ಹೇಳ್ತೈತಲ್ಲಪ್ಪ’ ಅಂತಿದ್ದ. ನಾನು ಪತ್ರಿಕೋದ್ಯಮ ಡಿಪ್ಲೊಮಾದಲ್ಲಿ ಕಲಿತದ್ದಕ್ಕಿಂತ ಜಾಸ್ತಿ ಅಲ್ಲಿ ಕಲಿತೆ: ಮಾತು ಕೇಳು, ಆದರೆ ಬಿಚ್ಚಿ ನೋಡು.

ಆದರೂ ನಾನು ಅದನ್ನ ಸರಿಯಾಗಿ ಕಲಿತಿರಲಿಲ್ಲ ಅಂತ ಗೊತ್ತಾದದ್ದು 2017ರಲ್ಲಿ.

ಅದರ ಹಿಂದಿನ ವರ್ಷ ಮಳೆ ಕೈಕೊಟ್ಟಿತ್ತು. ನಮ್ಮ ಕಡೆ ತ್ರೀ ಫೇಸ್ ಕರೆಂಟು ಕೊಡ್ತಿದ್ದದ್ದೇ ಕೆಲವು ಗಂಟೆ, ಅದೂ ಹೆಚ್ಚಿಗೆ ರಾತ್ರಿ ಹೊತ್ತು. ಉಳಿದ ಹೊತ್ತು ಮನೆ ದೀಪಕ್ಕೆ ಆಗುವಷ್ಟು ಸಿಂಗಲ್ ಫೇಸ್. ಆ ಕರೆಂಟಿನಲ್ಲೇ ತ್ರೀ ಫೇಸ್ ಮೋಟ್ರು ಓಡಿಸೋಕೆ ರೈತರು ಸ್ಟಾರ್ಟರ್ ಡಬ್ಬಿಗೆ ಕಂಡೆನ್ಸರ್ ಹಾಕ್ತಿದ್ದರು. ಮೋಟ್ರು ಓಡೋದೇನೋ ನಿಜ. ಆದರೆ ಮೂರು ಜನ ಹೊರೋ ಭಾರ ಇಬ್ಬರು ಹೊತ್ತ ಹಾಗೆ. ಮೋಟ್ರು ಬೇಗ ಸುಡುತ್ತದೆ, ಟಿಸಿ ಮೇಲೂ ಲೋಡು ಒಂದೇ ಕಡೆ ಬಿದ್ದು ಅದೂ ಸುಡುತ್ತದೆ. ಅಪ್ಪ ಯಾರಿಗೂ ಕಂಡೆನ್ಸರ್ ಹಾಕಿಕೊಡ್ತಿರಲಿಲ್ಲ. ‘ಮೋಟ್ರು ಸುಟ್ರೆ ನಂಗೆ ಲಾಭ ಕಣ್ರಪ್ಪ, ಆದ್ರೂ ಹೇಳ್ತೀನಿ, ಹಾಕ್ಬ್ಯಾಡ್ರಿ’ ಅಂತಿದ್ದ.

ನಮ್ಮ ಪಕ್ಕದ ಊರಿನ ಟಿಸಿ ಎರಡು ತಿಂಗಳಲ್ಲಿ ಮೂರು ಸಲ ಸುಟ್ಟಿತು. ಕುಡಿಯೋ ನೀರಿಗೂ ತೊಂದರೆ. ನಾನು ಹೋಗಿ ಫೋಟೊ ತೆಗೆದು ‘ಕಂಡೆನ್ಸರ್ ಹಾವಳಿಗೆ ಟಿಸಿ ಬಲಿ’ ಅಂತ ಬರೆದೆ. ಒಳ್ಳೆ ಜಾಗದಲ್ಲಿ ಬಂತು. ನಾಲ್ಕು ದಿನಕ್ಕೆ ಸಿಬ್ಬಂದಿ ಜೀಪು ಬಂದು ಹೊಲ ಹೊಲಕ್ಕೆ ಹೋಗಿ ಕಂಡೆನ್ಸರ್ ಕಿತ್ತುಕೊಂಡು ಹೋಯ್ತು. ಕೆಲವರ ಸರ್ವೀಸ್ ವೈರನ್ನೂ ಬಿಚ್ಚಿದರು.

ಮಾರನೇ ದಿನ ಬೆಳಗ್ಗೆ ಅಂಗಡಿ ಮುಂದೆ ಒಂಬತ್ತು ಜನ. ಎಲ್ಲರೂ ಅಪ್ಪನ ಗಿರಾಕಿಗಳು. ‘ನಿನ್ ಮಗ ನಮ್ ಹೊಟ್ಟೆ ಮ್ಯಾಲೆ ಹೊಡ್ದ ಕಣಣ್ಣ’ ಅಂದರು. ಒಬ್ಬರು ರಿಪೇರಿಗೆ ಬಿಟ್ಟಿದ್ದ ಮೋಟ್ರನ್ನ ಅರ್ಧಕ್ಕೇ ಎತ್ತಿಕೊಂಡು ಹೋದರು. ನಾನು ಒಳಗೆ ಚಾಪೆ ಮೇಲೆ ಕೂತಿದ್ದೆ. ಅಪ್ಪ ಅವರಿಗೆ ಎದುರು ಮಾತಾಡಲಿಲ್ಲ, ನನ್ನನ್ನ ಬಿಟ್ಟೂ ಕೊಡಲಿಲ್ಲ. ‘ಅವ್ನು ಬರ್ದಿದ್ದು ಸುಳ್ಳಾ?’ ಅಂತ ಒಂದೇ ಮಾತು ಕೇಳಿದ.

ಅವರು ಹೋದ ಮೇಲೆ ನನ್ನ ಕಡೆ ತಿರುಗಿ ಹೇಳಿದ: ‘ನೀನು ಬರ್ದಿದ್ದು ಸುಳ್ಳಲ್ಲ ಮಗ. ಆದ್ರೆ ಸುಟ್ಟೈತೆ ಅಂತ ಬರ್ದೆ, ಯಾಕ್ ಸುಡ್ತು ಅಂತ ಬಿಚ್ಚಿ ನೋಡ್ಲಿಲ್ಲ. ರಾತ್ರಿ ಎರಡು ಗಂಟೆಗೆ ಕರೆಂಟ್ ಕೊಟ್ರೆ ಮನ್ಸ ಏನ್ ಮಾಡ್ತಾನೆ?’

ಆ ರಾತ್ರಿ ಅಪ್ಪ ತನ್ನ ಟಿವಿಎಸ್ ಹಿಂದೆ ನನ್ನನ್ನ ಕೂರಿಸಿಕೊಂಡು ಒಬ್ಬರ ತೋಟಕ್ಕೆ ಹೋದ. ಅವತ್ತು ಬೆಳಗ್ಗೆ ಜೋರಾಗಿ ಕೂಗಾಡಿದವರದ್ದೇ ತೋಟ. ಕರೆಂಟು ಬಂದದ್ದು ಒಂದೂ ಮುಕ್ಕಾಲಿಗೆ. ಅರವತ್ತು ದಾಟಿದ ಆ ಮನುಷ್ಯ ಒಂದು ಕೈಲಿ ಬ್ಯಾಟರಿ, ಒಂದು ಕೈಲಿ ಕೋಲು ಹಿಡಿದು ಹಾವಿಗೆ ನೆಲ ಕುಟ್ಟುತ್ತಾ ಸ್ಟಾರ್ಟರ್ ಹತ್ತಿರ ಬಂದರು. ನಮ್ಮನ್ನ ನೋಡಿ ಮೊದಲು ಬೆಚ್ಚಿದರು. ಆಮೇಲೆ ಏನೂ ಮಾತಾಡದೆ ನೀರು ತಿರುಗಿಸೋಕೆ ಹೋದರು. ಅಪ್ಪ ಅವರ ಜೊತೆ ಸಲಿಕೆ ಹಿಡಿದ. ನಾನು ಬದುವಿನ ಮೇಲೆ ಕೂತಿದ್ದೆ. ನಾಲ್ಕು ಗಂಟೆಗೆ ಕರೆಂಟು ಹೋಯ್ತು. ನೀರು ತಲುಪಿದ್ದು ಮೂರು ಸಾಲು ಅಡಿಕೆಗೆ.

ನಾನು ಎರಡನೇ ಸುದ್ದಿ ಬರೆದೆ. ಮೊದಲನೆಯದಕ್ಕಿಂತ ಸಣ್ಣದಾಗಿ, ಒಳಪುಟದಲ್ಲಿ ಬಂತು. ಅದರಿಂದ ಕರೆಂಟಿನ ಹೊತ್ತೇನೂ ಬದಲಾಗಲಿಲ್ಲ. ಅಂಗಡಿ ಬಿಟ್ಟು ಹೋದ ಒಂಬತ್ತು ಜನರಲ್ಲಿ ಏಳು ಜನ ನಿಧಾನಕ್ಕೆ ವಾಪಸ್ ಬಂದರು, ಇಬ್ಬರು ಬರಲೇ ಇಲ್ಲ. ಅಪ್ಪ ಆ ವಿಷಯ ಮತ್ತೆ ಎತ್ತಲಿಲ್ಲ. ಆದರೆ ಇವತ್ತಿಗೂ ಸುದ್ದಿ ಬರೆದು ಕಳಿಸುವ ಮೊದಲು ‘ಯಾಕ್ ಸುಡ್ತು’ ಅನ್ನೋ ಪ್ರಶ್ನೆ ಕಿವಿಯಲ್ಲಿ ಕೇಳ್ತದೆ.

ಅಪ್ಪ ತಪ್ಪೇ ಮಾಡದವನಲ್ಲ. ಅಕ್ಕನ ಮೊದಲ ಹೆರಿಗೆ ಸಮಯ. ಆಸ್ಪತ್ರೆಗೂ ಅಂಗಡಿಗೂ ಓಡಾಡುತ್ತಾ ಒಂದು ಮೋಟ್ರಿನ ಕೇಬಲ್ ಜಾಯಿಂಟಿಗೆ ಟೇಪು ಸರಿಯಾಗಿ ಸುತ್ತಲಿಲ್ಲ. ಇಳಿಸಿದ ಎರಡೇ ದಿನಕ್ಕೆ ಸುಟ್ಟಿತು. ಆ ರೈತ ವೋಲ್ಟೇಜ್ ತೊಂದರೆ ಇರಬೇಕು ಅಂದುಕೊಂಡು ಬಂದಿದ್ದರು. ಅಪ್ಪ ಹೌದು ಅಂದುಬಿಟ್ಟಿದ್ದರೆ ಅಲ್ಲಿಗೆ ಮುಗೀತಿತ್ತು. ‘ಇಲ್ಲಪ್ಪ, ಇದು ನನ್ ಕೈ ತಪ್ಪು’ ಅಂದ. ಮೋಟ್ರನ್ನ ಪುಕ್ಕಟೆ ಮತ್ತೆ ಕಟ್ಟಿದ, ಮೇಲೆತ್ತಿ ಇಳಿಸುವ ಗಾಡಿಯ ಬಾಡಿಗೆಯನ್ನೂ ಕೊಟ್ಟ. ಅಷ್ಟರಲ್ಲಿ ಅವರ ಅರ್ಧ ಈರುಳ್ಳಿ ಒಣಗಿತ್ತು. ಅದನ್ನ ಕಟ್ಟಿಕೊಡೋಕೆ ಅಪ್ಪನ ಕೈಲಿ ಆಗಲಿಲ್ಲ. ಆಮೇಲಿಂದ ಪ್ರತಿ ಮೋಟ್ರನ್ನೂ ಒಂದು ರಾತ್ರಿ ನೀರಿನ ಡ್ರಮ್ಮಿನಲ್ಲಿ ಮುಳುಗಿಸಿಟ್ಟು, ಬೆಳಗ್ಗೆ ಮೆಗ್ಗರ್ ಹಿಡಿದು ನೋಡದೆ ಯಾರಿಗೂ ಕೊಡಲಿಲ್ಲ.

ಇನ್ನು ಮನೆ ವಿಷಯ.

2019ರಲ್ಲಿ ಅಮ್ಮನ ಎರಡೂ ಕಿಡ್ನಿ ಕೆಲಸ ನಿಲ್ಲಿಸಿದವು. ವಾರಕ್ಕೆ ಎರಡು ಸಲ ಡಯಾಲಿಸಿಸ್. ಸರ್ಕಾರಿ ಆಸ್ಪತ್ರೆಯಲ್ಲಿ ದುಡ್ಡಿಲ್ಲ, ಆದರೆ ಹೋಗಿ ಬರೋದು, ನಾಲ್ಕು ಗಂಟೆ ಮಲಗೋದು, ಇಡೀ ದಿನ ಬೇಕು. ‘ನಾನು ಕರ್ಕೊಂಡು ಹೋಗ್ತೀನಿ’ ಅಂದೆ. ‘ನಿಂಗೆ ಸುದ್ದಿ ಯಾವಾಗ್ ಬರ್ತೈತೋ ಗೊತ್ತಿಲ್ಲ, ಇದಕ್ಕೆ ದಿನ ಗೊತ್ತೈತಲ್ಲ’ ಅಂದ. ಬುಧವಾರ, ಶನಿವಾರ ಅಂಗಡಿ ಬಂದ್ ಅಂತ ಬಾಗಿಲ ಮೇಲೆ ಸುಣ್ಣದಲ್ಲಿ ಬರೆದ. ಬೇಸಿಗೆಯಲ್ಲಿ ರಿವೈಂಡಿಂಗ್ ಅಂಗಡಿ ವಾರಕ್ಕೆ ಎರಡು ದಿನ ಮುಚ್ಚಿದರೆ ಗಿರಾಕಿ ಬೇರೆ ಕಡೆ ಹೋಗ್ತಾನೆ. ಹೋದರು ಕೂಡ. ನಾಲ್ಕೂವರೆ ವರ್ಷದಲ್ಲಿ ಅಪ್ಪ ಒಂದು ದಿನವೂ ತಪ್ಪಿಸಲಿಲ್ಲ. ಕೊರೊನಾ ಲಾಕ್‌ಡೌನಿನಲ್ಲೂ ಆಸ್ಪತ್ರೆ ಚೀಟಿಯನ್ನ ಪ್ಲಾಸ್ಟಿಕ್ ಕವರಿಗೆ ಹಾಕಿ ಕೊರಳಿಗೆ ನೇತುಹಾಕಿಕೊಂಡು, ಪೊಲೀಸರಿಗೆ ತೋರಿಸಿ ದಾಟಿಕೊಂಡು ಹೋಗ್ತಿದ್ದ.

ಡಯಾಲಿಸಿಸ್ ಮಾಡಿಸಿಕೊಳ್ಳುವವರ ಮನೆಯವರಿಗೆ ಇದು ಗೊತ್ತಿರ್ತದೆ: ನೀರು ಅಳೆದು ಕುಡಿಯಬೇಕು. ಕಿಡ್ನಿ ನೀರು ಹೊರಗೆ ಹಾಕದೆ ಇದ್ದರೆ ಅದು ಮೈಯಲ್ಲೇ ನಿಲ್ತದೆ, ಕಾಲು ಬಾಯ್ತದೆ, ಉಸಿರು ಕಟ್ತದೆ. ಅಮ್ಮನಿಗೆ ಡಾಕ್ಟರು ಹೇಳಿದ್ದು ದಿನಕ್ಕೆ ಒಂದು ಲೀಟರ್, ಕಾಫಿ, ಸಾರು, ಮಜ್ಜಿಗೆ ಎಲ್ಲಾ ಸೇರಿ. ಅಪ್ಪ ಒಂದು ಲೀಟರ್ ಬಾಟಲಿಗೆ ಕೆಂಪು ಇನ್ಸುಲೇಷನ್ ಟೇಪಿನಿಂದ ಐದು ಗೆರೆ ಅಂಟಿಸಿದ. ಬೆಳಗ್ಗೆ ಇಷ್ಟು, ಮಧ್ಯಾಹ್ನ ಇಷ್ಟು, ರಾತ್ರಿಗೆ ಇಷ್ಟು. ಬೇಸಿಗೆಯಲ್ಲಿ ಅಮ್ಮ ಗೆರೆ ದಾಟಿ ಕುಡಿಯೋಕೆ ಹಟ ಮಾಡಿದರೆ ಬಾಯಿಗೆ ಒಂದು ಚೂರು ಐಸ್ ಕೊಡ್ತಿದ್ದ. ಅವಳ ಎದುರಿಗೆ ತಾನು ಮಾತ್ರ ಚೊಂಬೆತ್ತಿ ನೀರು ಕುಡಿದದ್ದನ್ನ ನಾನು ನೋಡಿಲ್ಲ. ಹಿತ್ತಲಿಗೆ ಹೋಗಿ ಕುಡಿದು ಬಾಯಿ ಒರೆಸಿಕೊಂಡು ಬರ್ತಿದ್ದ. ನಲವತ್ತು ವರ್ಷ ಊರಿನವರ ಹೊಲಕ್ಕೆ ನೀರು ಎತ್ತಿಸಿದವನು ಮನೆಯಲ್ಲಿ ಹೀಗೆ ನೀರು ಅಳೀತಿದ್ದ.

2022ರ ಸೆಪ್ಟೆಂಬರಿನಲ್ಲಿ ವಾಣಿವಿಲಾಸ ಸಾಗರ ಕೋಡಿ ಬಿತ್ತು. ನಮ್ಮ ಕಡೆಯವರಿಗೆ ಅದು ಎಷ್ಟು ದೊಡ್ಡ ವಿಷಯ ಅಂತ ಬೇರೆಯವರಿಗೆ ಹೇಳಿ ತಿಳಿಸೋದು ಕಷ್ಟ. 1907ರಲ್ಲಿ ಕಟ್ಟಿ ಮುಗಿಸಿದ ಮಾರಿಕಣಿವೆ ಅದರ ಮೊದಲು ಕೋಡಿ ಹರಿದದ್ದು 1933ರಲ್ಲಿ, ಅಂದರೆ 89 ವರ್ಷದ ಹಿಂದೆ. ನಮ್ಮ ಅಪ್ಪ ಅಮ್ಮ ಯಾರೂ ನೋಡಿದವರಲ್ಲ. ನಾನು ಸುದ್ದಿಗೆ ಅಂತ ನಾಲ್ಕು ಸಲ ಹೋಗಿ ಬಂದೆ, ಅಮ್ಮನನ್ನ ಕರೆದುಕೊಂಡು ಹೋಗಬೇಕು ಅಂತ ನನಗೆ ಹೊಳೆಯಲಿಲ್ಲ. ಒಂದು ಗುರುವಾರ ಅಪ್ಪ ಟಿವಿಎಸ್ ಮೇಲೆ ಅಮ್ಮನನ್ನ ಕೂರಿಸಿಕೊಂಡು, ಸೊಂಟಕ್ಕೆ ತನ್ನ ಟವೆಲ್ ಕಟ್ಟಿಕೊಂಡು ಹೊರಟೇಬಿಟ್ಟ. ಜನಸಂದಣಿಯಲ್ಲಿ ಕೋಡಿ ಹತ್ತಿರ ಹೋಗೋಕೆ ಆಗಲಿಲ್ಲ, ದೂರದಿಂದಲೇ ನೋಡಿದರಂತೆ. ಅಮ್ಮ ಬಂದು ಹೇಳಿದಳು: ‘ನಂಗೆ ಒಂದು ಲೀಟ್ರು ಅಳತೆ, ಅದಕ್ಕೆ ಅಳತೇನೇ ಇಲ್ಲ ನೋಡಪ್ಪ’. ಅಪ್ಪ ನಕ್ಕ. ಅವತ್ತು ರಾತ್ರಿ ಊಟಕ್ಕೆ ಕೂತಾಗ ಇಬ್ಬರೂ ಸಣ್ಣ ಮಕ್ಕಳ ಹಾಗೆ ಅದೇ ಮಾತಾಡ್ತಿದ್ದರು.

ಮಾರನೇ ವರ್ಷವೇ ಮತ್ತೆ ಬರ. ರಾಜ್ಯದ 200ಕ್ಕೂ ಹೆಚ್ಚು ತಾಲೂಕುಗಳನ್ನ ಬರಪೀಡಿತ ಅಂತ ಸರ್ಕಾರ ಸಾರಿತು. ಅಂಗಡಿ ಮುಂದೆ ಸುಟ್ಟ ಮೋಟ್ರು ಸಾಲು ಹಚ್ಚಿದವು. 2024ರ ಫೆಬ್ರವರಿಯ ಒಂದು ಮಂಗಳವಾರ ಸಂಜೆ, ಅರ್ಧ ತಂತಿ ಎಳೆದ ಮೋಟ್ರನ್ನ ಹಲಗೆ ಮೇಲಿಟ್ಟು ‘ಎದೆ ಹಿಡೀತೈತೆ’ ಅಂದು ಗೋಡೆಗೆ ಒರಗಿದ. ಆಸ್ಪತ್ರೆ ಮುಟ್ಟಲಿಲ್ಲ. ಅರವತ್ತೈದು ವರ್ಷ. ಮಾರನೇ ದಿನ ಬುಧವಾರ. ಮಣ್ಣು ಮುಗಿಸಿ ಬಂದ ಸಂಜೆ ಅಕ್ಕ ಅಳುತ್ತಲೇ ಆಸ್ಪತ್ರೆಗೆ ಫೋನ್ ಮಾಡಿ, ಅಮ್ಮನ ಡಯಾಲಿಸಿಸನ್ನ ಗುರುವಾರ ಬೆಳಗ್ಗೆಗೆ ಹಾಕಿಸಿದಳು. ಅಮ್ಮ ಮೊದಲು ಬರಲ್ಲ ಅಂದಳು. ‘ಅಪ್ಪ ಒಂದು ದಿನ ತಪ್ಪಿಸಿರಲಿಲ್ಲ’ ಅಂದೆ. ಎದ್ದು ಸೆರಗು ಸರಿ ಮಾಡಿಕೊಂಡು ಹೊರಟಳು.

ಹನ್ನೊಂದು ದಿನ ಕಳೆದ ಮೇಲೆ ಆ ಅರ್ಧ ಮೋಟ್ರಿನ ಯಜಮಾನರು ಬಂದರು. ಬಾಗಿಲಲ್ಲೇ ನಿಂತು, ‘ತೋಟ ಒಣಗ್ತಾ ಐತೆ, ಕೇಳೋಕೆ ನಾಲಿಗೆ ಬರಲ್ಲ’ ಅಂದರು. ಹಿರಿಯೂರಿನ ಇನ್ನೊಬ್ಬ ರಿವೈಂಡಿಂಗ್‌ನವರನ್ನ ಕೇಳಿದೆ. ‘ಅಣ್ಣನ ಕೈ ಬೇರೆ, ನನ್ ಕೈ ಬೇರೆ. ಅರ್ಧದಿಂದ ಮುಂದುವರಿಸೋಕೆ ಆಗಲ್ಲ, ಎಲ್ಲಾ ಕತ್ತರಿಸಿ ಹೊಸದಾಗಿ ಎಳೀಬೇಕು’ ಅಂದರು. ಅಪ್ಪನ ಕೈಯ ಕೊನೆ ಕೆಲಸ ಅದು. ನನಗೆ ಕೊಡೋಕೆ ಮನಸ್ಸಾಗಲಿಲ್ಲ. ಹೊಸ ಮೋಟ್ರು ಬಾಡಿಗೆಗೆ ಕೊಡಿಸೋಣ ಅಂತ ಏನೇನೋ ಹೇಳ್ತಿದ್ದೆ. ಒಳಗಿಂದ ಅಮ್ಮ ಕೂಗಿದಳು: ‘ಅವ್ರ ಗಿಡ ಸಾಯ್ತಾ ಇರೋವಾಗ ನೀನು ತಂತಿ ಇಟ್ಕೊಂಡು ಏನ್ ಪೂಜೆ ಮಾಡ್ತೀಯಾ? ಕೊಡು.’

ಕೊಟ್ಟೆ. ಕತ್ತರಿಸಿದ ತಂತಿಯನ್ನ ಅವರು ಚೀಲದಲ್ಲಿ ಕಟ್ಟಿ ವಾಪಸ್ ತಂದುಕೊಟ್ಟರು. ಅದನ್ನ ಗುಜರಿಗೆ ಹಾಕಿಲ್ಲ.

ಅಂಗಡಿಯಲ್ಲಿ ಉದ್ರಿ ಪುಸ್ತಕ ಸಿಕ್ಕಿತು. ಬರಬೇಕಾದದ್ದು ಒಂದು ಲಕ್ಷ ಎಂಬತ್ತು ಸಾವಿರ ಚಿಲ್ಲರೆ. ಕೆಲವು ಹೆಸರಿನ ಮುಂದೆ ಒಂದು ಸೊನ್ನೆ ಸುತ್ತಿದ್ದ. ಏನಿದು ಅಂತ ಅಮ್ಮನನ್ನ ಕೇಳಿದೆ. ‘ಬೋರು ಫೇಲಾದವರು ಅವ್ರು. ಅವ್ರನ್ನ ಕೇಳಬಾರ್ದು ಅಂತ’ ಅಂದಳು. ಉಳಿದವರಲ್ಲಿ ಕೆಲವರು ತಾವಾಗೇ ಬಂದು ಕೊಟ್ಟರು. ಒಬ್ಬರು ‘ಯಾವತ್ತೋ ಕೊಟ್ಟೀನಿ’ ಅಂದರು, ಇರಬಹುದು. ಬಹಳ ಜನ ಏನೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಪುಸ್ತಕದ ಕೊನೇ ಹಾಳೆಯಲ್ಲಿ ಅಪ್ಪ ಕೊಡಬೇಕಾದದ್ದು ಬರೆದಿತ್ತು. ದಾವಣಗೆರೆಯ ತಂತಿ ಅಂಗಡಿಗೆ ಇಪ್ಪತ್ತೆರಡು ಸಾವಿರ. ಅಕ್ಕ ಅರ್ಧ, ನಾನು ಅರ್ಧ ಹಾಕಿ ಕೊಟ್ಟು ಬಂದೆವು.

ಅಪ್ಪ ಅಂಗಡಿಗೆ ಬಂದವರಿಗೆಲ್ಲಾ ಹೇಳ್ತಿದ್ದ ನಾಲ್ಕು ಮಾತು ಬರೆದು ಮುಗಿಸ್ತೇನೆ, ಯಾರದಾದರೂ ಒಂದು ಮೋಟ್ರು ಉಳಿದರೆ ಉಳಿಯಲಿ. ಒಂದು, ನೀರು ತುಂಬುವ ಮೋಟ್ರನ್ನ ಬೋರಿಗೆ ಬಿಡುವ ಮೊದಲು ಒಳಗೆ ಶುದ್ಧ ನೀರು ಪೂರ್ತಿ ತುಂಬಿದೆಯಾ ನೋಡಿ. ಎರಡು, ಫೇಸ್ ಹೋದರೆ ತಾನಾಗೇ ಬಂದ್ ಮಾಡುವ ಪ್ರಿವೆಂಟರ್ ಹಾಕಿಸಿ, ಕೆಟ್ಟರೆ ಅದನ್ನ ಬಿಟ್ಟು ನೇರ ವೈರ್ ಕೊಡಬೇಡಿ. ಮೂರು, ಬೋರಿನಲ್ಲಿ ನೀರು ಕಮ್ಮಿ ಇದ್ದರೆ ಆಟೊ ಹಾಕಿ ಮಲಗಬೇಡಿ. ನೀರಿಲ್ಲದೆ ಓಡಿದ ಮೋಟ್ರು ಬೆಳಗ್ಗೆಗೆ ಉಳಿಯಲ್ಲ. ನಾಲ್ಕು, ಸ್ಟಾರ್ಟರಿನ ಆಂಪ್ಸ್ ಮುಳ್ಳು ದಿನಾ ನೋಡಿ. ಯಾವತ್ತಿಗಿಂತ ಜಾಸ್ತಿ ತೋರಿಸಿದರೆ ಅವತ್ತೇ ನಿಲ್ಲಿಸಿ, ಯಾಕೆ ಅಂತ ಹುಡುಕಿ.

ಈಗ ಬುಧವಾರ, ಶನಿವಾರ ನನ್ನ ಪಾಳಿ. ಆ ಎರಡು ದಿನ ಸುದ್ದಿ ಕಳಿಸೋದು ತಡವಾಗ್ತದೆ ಅಂತ ಆಫೀಸಿಗೆ ಹೇಳಿದ್ದೇನೆ. ಬಾಟಲಿ ಬದಲಾಗಿದೆ. ಟೇಪಿನ ಗೆರೆ ನಾನು ಹಾಕಿದ್ದು ಸ್ವಲ್ಪ ಸೊಟ್ಟ, ಅಮ್ಮ ದಿನಾ ಅದನ್ನ ತೋರಿಸಿ, ‘ನಿಮ್ಮಪ್ಪನ ಕೈಯಾಗಿದ್ರೆ ಹಿಂಗಿರ್ತಿರ್ಲಿಲ್ಲ’ ಅಂತಾಳೆ.